ಕಲ್ಲಿನ ತತ್ತಿ

ಗೂಡಿನೊಳಗೆ ಕೈ ಹಾಕಿದ ಖಾಜಾಬೀಗೆ ಕಲ್ಲಿನ ಪಕ್ಕದಲ್ಲಿ ನಿಜವಾದ ತತ್ತಿಯೇ ಸಿಕ್ಕಿತು. "ಯಾ ಅಲ್ಲಾ! ಗೂಡಿನಾಗೇ ಇಟ್ಟಾಳ ನೋಡ್ರಿ!" ಎಂದು ಗಂಡನಿಗೆ ಕೇಳುವಂತೆ ಕೂಗಿದಳು.

ತತ್ತಿಯಂಥ ಬಿಳಿ ಕಲ್ಲೊಂದನ್ನು ಹುಲ್ಲಿನ ಮೇಲಿಟ್ಟರೆ ಕೋಳಿ ಅಲ್ಲಿಗೇ ಬಂದು ತತ್ತಿ ಇಡುತ್ತದೆ ಎಂಬ ಉಪಾಯವನ್ನು ಗಂಡ ಅಲ್ಲಾಬಕ್ಷ ತಂದಿದ್ದ. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಮಾಲಿ ಅವನು. ಖಾಜಾಬೀಗೆ ಇದು ಬರೀ ತತ್ತಿಯ ಮಾತಲ್ಲ, ಮಾನದ ಮಾತು. ಎರಡು ತಿಂಗಳ ಹಿಂದೆ ಆಚೆಮನೆ ರೇಣಮ್ಮ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಈ ಕರಿಕೋಳಿ ಕೆದರಿ ಹಾಳುಗೆಡವಿತ್ತು.

"ಇನ್ನೊಮ್ಮೆ ನಿನ್ನ ಕೋಳಿ ನಮ್ಮ ಅಂಗಳಕ್ಕ ಬಂದ್ರ ನೋಡು!"

"ಬರಂಗಿಲ್ಲ ಹೋಗು! ಬಂದ್ರ ನನ್ನ ಹೆಸರು ಖಾಜಾಬೀನೇ ಅಲ್ಲ!"

ಅಷ್ಟೇ. ಇಪ್ಪತ್ತು ವರ್ಷ ಗೋಡೆಯ ಮೇಲಿಂದ ಕರಿಬೇವು, ಕಷ್ಟಸುಖ ಹಂಚಿಕೊಂಡವರ ಬಾಯಿಗೆ ಬೀಗ ಬಿತ್ತು. ಮೊದಲು ಮಾತಾಡಿದವರು ಸೋತಂತೆ, ಮತ್ತೆ!

ಐದು ದಿನ, ಐದು ತತ್ತಿ. ಆದರೂ ಖಾಜಾಬೀಯ ತಲೆಯೊಳಗೆ ಹುಳ ಕೊರೆಯತೊಡಗಿತು. ಮಧ್ಯಾಹ್ನ ತತ್ತಿ ಇಟ್ಟ ಕೋಳಿಯ ಕೊಕ್ಕೊಕ್ಕೋ ಕೇಳಿಸುವುದು ಗೋಡೆಯಾಚೆಯಿಂದ. ಗೂಡಿನ ತತ್ತಿಯೋ ತಣ್ಣಗಿರುತ್ತದೆ, ಮೇಲೆ ಸಗಣಿ ಕುಳ್ಳಿನ ಪುಡಿ ಬೇರೆ.

"ನಮ್ಮ ಮನ್ಯಾಗ ಗ್ಯಾಸ್ ಅದ. ಕುಳ್ಳಿನ ಪುಡಿ ಎಲ್ಲಿಂದ ಬಂತ್ರಿ?"

"ತತ್ತಿ ತಿನ್ನು. ತನಿಖಿ ಯಾಕ ನಿನಗ?" ಎಂದ ಅಲ್ಲಾಬಕ್ಷ.

ಆರನೆಯ ದಿನ ಅವಳು ಹಿತ್ತಿಲ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಅತ್ತಿತ್ತ ನೋಡುತ್ತ ಬಂದವಳು ರೇಣಮ್ಮ! ಕೊರಳಲ್ಲಿ ಲಿಂಗ ಕಟ್ಟಿದವಳು, ತತ್ತಿಯ ಹೆಸರನ್ನೂ ಬಾಯಲ್ಲಿ ತಾರದವಳು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಮುಂದೆ ಚಾಚಿದ ಕೈಯಲ್ಲಿ ತುಕ್ಕು ಹಿಡಿದ ಹಳೇ ಸೌಟು, ಸೌಟಿನಲ್ಲಿ ಅವಳ ಕುಳ್ಳಿನ ಒಟ್ಟಿಲಲ್ಲಿ ಕರಿಕೋಳಿ ಇಟ್ಟ ತತ್ತಿ. ಅದನ್ನು ಮೆಲ್ಲಗೆ ಕಲ್ಲಿನ ಪಕ್ಕ ಉರುಳಿಸಿ, "ಶಿವಶಿವಾ" ಎನ್ನುತ್ತ ಬಂದ ದಾರಿಯಲ್ಲೇ ಹೋದಳು. ಖಾಜಾಬೀಗೆ ಮೊದಲು ನಗು ಬಂತು. ಆಮೇಲೆ ಕಣ್ಣು ತುಂಬಿ ಬಂದವು.

"ಹೋಗಿ ಮಾತಾಡ್ಸಬಾರ್ದೇನು?" ಸಂಜೆ ಅವಳು ಎಲ್ಲ ಹೇಳಿದ ಮೇಲೆ ಅಲ್ಲಾಬಕ್ಷ ಕೇಳಿದ.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಕೋಳಿ ಬರಂಗಿಲ್ಲಂತ ಹೇಳಿದಾಕಿ ನಾನ ಅಲ್ಲೇನು?"

ಮರುದಿನ ಬೆಳಿಗ್ಗೆ, ಹಿಂದೆ ತನ್ನವ್ವ ಮಾಡುತ್ತಿದ್ದಂತೆ, ಕೋಳಿಯನ್ನು ಹಿಡಿದು, ಬೆರಳಿಟ್ಟು ನೋಡಿದಳು. ತತ್ತಿ ತಯಾರಿತ್ತು. ಗೂಡಿನ ಹುಲ್ಲಿನ ಮೇಲೆ ಕೂಡ್ರಿಸಿ ಬುಟ್ಟಿ ಬೋರಲು ಹಾಕಿದಳು. ಕೋಳಿ ಒಂದಿಷ್ಟು ಒದ್ದಾಡಿತು, ಬೈಯಿತು, ಕಡೆಗೆ ಅಲ್ಲೇ ಇಟ್ಟಿತು. ಮರುದಿನವೂ ಹಾಗೇ. ಬೆಚ್ಚಗಿನ ತತ್ತಿ, ಕುಳ್ಳಿನ ಪುಡಿಯಿಲ್ಲದ್ದು. ಕೊಟ್ಟ ಮಾತು ಉಳಿಯಿತು. ಗೆದ್ದ ಖುಷಿ ಮಾತ್ರ ಎಲ್ಲಿ ಹೋಯಿತೋ! ಮಧ್ಯಾಹ್ನವಾದರೆ ಸಾಕು, ಅವಳ ಕಣ್ಣು ಹಿತ್ತಿಲ ಬಾಗಿಲ ಸಂದಿಗೇ ಹೋಗುತ್ತಿದ್ದವು. ಅಲ್ಲಿ ಯಾರೂ ಬರುತ್ತಿರಲಿಲ್ಲ.

ಮೂರನೆಯ ದಿನ ಕೋಳಿ ಬುಟ್ಟಿಯೊಳಗೆ ಗೊಣಗುತ್ತ ಕೂತಿತ್ತು. ಗೋಡೆಯಾಚೆಯಿಂದ ಯಾರೋ ಕೆಮ್ಮಿದರು. ಆಮೇಲೆ, ಎರಡು ತಿಂಗಳಿಂದ ಕೇಳದ ದನಿ.

"ಏ ಖಾಜಾಬೀ... ನಿನ್ನ ಕೋಳಿಗೇನರ ಆಗ್ಯಾದೇನು? ಮೂರು ದಿನ ಆತು, ಈ ಕಡಿ ಬಂದೇ ಇಲ್ಲ."

ಖಾಜಾಬೀ ದಡಬಡಿಸಿ ಎದ್ದು ಬುಟ್ಟಿ ಎತ್ತಿದಳು. ಕರಿಕೋಳಿ ರೆಕ್ಕೆ ಬಡಿಯುತ್ತ ಗೋಡೆಯ ಕಡೆ ಓಡಿತು.

"ಏನೂ ಆಗಿಲ್ಲಕ್ಕ, ಬರಾಕತ್ತಾಳ ನೋಡು," ಎಂದಳು ಖಾಜಾಬೀ. "ಸೌಟು ತಯಾರ ಇಟ್ಕೊ."