ಮೆತ್ತನೆಯ ದನಿ

ಚಪ್ಪಲಿ ಕಳಚುವ ಮೊದಲೇ ಉಮಾನಾಥನ ಕಿವಿಗೆ ಬೈಗುಳ ಬಿತ್ತು. ಅದೂ ತನ್ನದೇ ಆಫೀಸಿನೊಳಗಿಂದ, ತಾನೇ ಸಂಬಳ ಕೊಡುವ ಹುಡುಗಿಯ ಬಾಯಿಂದ.

“ಈಗ ಬಾಯಿ ಎಲ್ಲ್ ಹೋಯ್ತ್? ದಿನಾ ನನ್ನ್ ಬೈವತಿಗೆ ಗಂಟ್ಲ್ ಹರ್ಕಂತಿದ್ರಿಯಲೆ? ಇವತ್ತ್ ಬೈನಿ ಕಾಂಬ.”

ನವ್ಯಾ ಗಿರಾಕಿಗಳ ಫೋನಿನಲ್ಲಿದ್ದಳು. ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಕೊರಳ ನರ ಉಬ್ಬಿತ್ತು.

ಉಮಾನಾಥನದು ಮೀನು ವ್ಯಾಪಾರಿಗಳಿಗೆ ಕೋಲ್ಡ್ ರೂಮ್ ಕಟ್ಟಿಕೊಡುವ ಕಂಪೆನಿ. ಕುಂದಾಪುರಕ್ಕೆ ಬಂದು ಇದನ್ನು ತೆರೆಯುವ ಮೊದಲು ಅವನು ಮುಂಬೈಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಅಲ್ಲಿ ಕಲಿತ ಪಾಠ ಒಂದೇ: ಕೆಲಸ ತಡವಾದರೂ ಚಿಂತೆಯಿಲ್ಲ, ದನಿ ಮೆತ್ತಗಿರಬೇಕು. ಮೆತ್ತನೆಯ ದನಿಗೆ ಎಂಥ ಸಿಟ್ಟಿನ ಗಿರಾಕಿಯೂ ಇಳಿಯುತ್ತಾನೆ. ಇವತ್ತು ಬೆಳಿಗ್ಗೆ ಬ್ರಹ್ಮಾವರದ ಶಾಖೆಯಲ್ಲಿ ಹೊಸ ಹುಡುಗಿಯರನ್ನು ಕೂರಿಸಿಕೊಂಡು ಇದನ್ನೇ ಹೇಳಿಕೊಟ್ಟು ಬಂದಿದ್ದ. ಇಲ್ಲಿ ನೋಡಿದರೆ ಮೀನು ಮಾರ್ಕೆಟ್ಟು.

ಆಚೆ ಕಡೆ ಯಾರೆಂದು ಫೋನಿನ ಪರದೆಯೇ ಹೇಳುತ್ತಿತ್ತು. ತ್ರಾಸಿಯ ಗೋವರ್ಧನ. ಮೀನು ವ್ಯಾಪಾರಿ, ಬಾಯಿ ತೆರೆದರೆ ಗುಡುಗು. ಒಂದು ದಿನ ಗ್ಯಾಸ್ ಸರಿಯಿಲ್ಲ, ಇನ್ನೊಂದು ದಿನ ಬಾಗಿಲಿನ ಹಿಡಿ ಸರಿಯಿಲ್ಲ, ಮತ್ತೊಂದು ದಿನ ಮೋಟಾರು ಕಿರುಚುತ್ತದೆ. ಒಂದು ವಾರದಿಂದ ಬಿಡದೆ ಫೋನು. ಪಾಂಡುವನ್ನು ರಿಪೇರಿಗೆ ಕಳಿಸೋಣವೇ ಎಂದು ನವ್ಯಾ ಕೇಳಿದಾಗಲೆಲ್ಲ ಉಮಾನಾಥ ಹೇಳಿದ್ದು ಒಂದೇ ಮಾತು. “ಬೈಂದೂರು ಬದಿಗೆ ಇನ್ನೊಂದೆರಡ್ ಕೆಲ್ಸ ಬರ್ಲಿ, ಒಟ್ಟಿಗೇ ಹೋಯಿ ಬರ್ಲಿ. ಅಲ್ಲಿವರೆಗೆ ನೀ ಮೆತ್ತಗೆ ಮಾತಾಡಿ ಸಾಗ್ಸ್.”

ಸಾಗಿಸಿದ್ದಳು. ಬೈಸಿಕೊಂಡು ಕಣ್ಣಲ್ಲಿ ನೀರು ತುಂಬಿದ್ದರೂ ದನಿಯಲ್ಲಿ ಜೇನು ಇಳಿಸಿ ಸಾಗಿಸಿದ್ದಳು. ಇವತ್ತು ಕಟ್ಟೆ ಒಡೆದಿದೆ. ಉಮಾನಾಥನಿಗೆ ಅದು ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಕ್ಷಮಿಸಬೇಕೆಂದೇನೂ ಇಲ್ಲವಲ್ಲ.

“ನಿದ್ದಿ ಬತ್ತಾ? ನಿದ್ದಿ ಮಾಡುಕೆ ನನ್ನ್ ಆಫೀಸಿಗೆ ಫೋನ್ ಮಾಡುದಾ?” ನವ್ಯಾ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಮೇಜಿಗೆ ಗುದ್ದಿದಳು. “ಹೆಂಡ್ತಿ ಫೋನ್ ಎತ್ತುದಿಲ್ಯಾ? ನಿಮ್ಮಂತ ಗಂಡ ಇದ್ರೆ ನಾನೂ ಎತ್ತುದಿಲ್ಲೆ. ಕೂತ್ಕಂಡ್ ಎಂತ ದರ್ಬಾರ್? ಎದ್ದ್ ನಿಂತ್ಕಂಡ್ ಮಾತಾಡಿ.”

ಉಮಾನಾಥನ ತಲೆಗೆ ರಕ್ತ ಏರಿತು. ಅದಕ್ಕಿಂತ ಹೆಚ್ಚು ಉರಿಸಿದ್ದು ಅವಳ ಎಡಗೈ. ಬಾಯಿ ಗಿರಾಕಿಯನ್ನು ಹರಿದು ಹಾಕುತ್ತಿದ್ದರೆ, ಎಡಗೈ ಸ್ವಂತ ಮೊಬೈಲಿನಲ್ಲಿ ಯಾರಿಗೋ ಮೆಸೇಜ್ ಕುಟ್ಟುತ್ತಿತ್ತು.

“ನವ್ಯಾ.”

ಅವಳು ತಿರುಗಲಿಲ್ಲ. ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಯಜಮಾನನಿಗೆ.

“ಹ್ವಾಯ್, ಕೇಂತಾ? ನಿಮ್ಮಂತ ಹೆದ್ರುಪುಕ್ಲನ್ ನಾ ಕಂಡದ್ದೇ ಇಲ್ಲೆ. ಕೈ ಎತ್ತುಕೆ ಆತಿಲ್ಯಾ? ನನ್ ಎದ್ರ್ ಇದ್ದಿದ್ರೆ ಎಂತ ಮಾಡ್ತಿದ್ರಿ, ಹೇಳಿ ಕಾಂಬ.”

ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು. ಅದನ್ನು ಕಿವಿಗೆ ಹಿಡಿಯಲು ಹೋದ ಕ್ಷಣದಲ್ಲೇ ಉಮಾನಾಥ ರಿಸೀವರನ್ನು ಕಸಿದುಕೊಂಡ.

“ಸರ್, ಬೇಡ, ಅದ್—”

“ಬಾಯಿ ಮುಚ್ಚ್. ಹೊರಗೆ ನಡಿ.”

ಒಂದು ಗಳಿಗೆ ಅವಳು ರಿಸೀವರನ್ನೂ ಮೊಬೈಲನ್ನೂ ನೋಡಿದಳು. ಮೊಬೈಲಿನಲ್ಲಿ ಯಾರೋ ಕೂಗುತ್ತಿದ್ದರು. “ಹಿಂದಿನ್ ಬದಿ, ಮನಿ ಹಿಂದಿನ್ ಬದಿ,” ಎನ್ನುತ್ತ ಸಿಗ್ನಲ್ ಚೆನ್ನಾಗಿ ಸಿಗುವ ಜಗಲಿಗೆ ಓಡಿದಳು. ಗಿರಾಕಿಯ ಮಾನ ಕಳೆದು, ಮೇಲೆ ಗೆಳೆಯರೊಡನೆ ಹರಟೆ. ಉಮಾನಾಥ ಹಲ್ಲು ಕಚ್ಚಿದ. ಆಮೇಲೆ ಉಸಿರು ಎಳೆದುಕೊಂಡ, ತುಟಿಗೆ ನಗು ತಂದುಕೊಂಡ. ನಗು ದನಿಯಲ್ಲೂ ಕೇಳಿಸುತ್ತದೆ ಎಂದು ಅವನ ನಂಬಿಕೆ.

“ಗೋವರ್ಧನಣ್ಣ, ನಾನು ಉಮಾನಾಥ. ಹುಡುಗಿ ತಪ್ಪು ಮಾಡಿದಳು, ನಾನು ಕ್ಷಮೆ ಕೇಳುತ್ತೇನೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.”

ಆಚೆಯಿಂದ ಗುಡುಗು ಬರಲಿಲ್ಲ. ಎಲ್ಲೋ ದೂರದಿಂದ ಬಂದಂಥ, ತೊದಲುವ, ತಗ್ಗಿದ ದನಿ.

“ಅಡ್ಡಿಲ್ಲೆ ಮಾರಾಯ್ರೆ... ನಂಗೆ ಸಿಟ್ಟಿಲ್ಲೆ... ಸಾಕಾಯ್ತ್. ಸ್ವಲ್ಪ ಮನಿಕಂತೆ.”

ಉಮಾನಾಥನ ಎದೆ ಉಬ್ಬಿತು. ಒಂದು ವಾರದ ಗುಡುಗು ಒಂದೇ ಮಾತಿಗೆ ಇಳಿದಿತ್ತು. “ಮಲಗಿ ಅಣ್ಣ, ಆರಾಮಾಗಿ ಮಲಗಿ. ಎಲ್ಲ ನಾಳೆ ನೋಡುವ,” ಎಂದು ಲಾಲಿ ಹಾಡುವವನಂತೆ ಹೇಳಿದ. ಆಚೆ ಕಡೆ ಮಾತು ನಿಂತಿತು. ಅವನು ರಿಸೀವರನ್ನು ಸದ್ದಾಗದಂತೆ ಕೆಳಗಿಟ್ಟ.

ಮೊಬೈಲ್ ಹಿಡಿದುಕೊಂಡೇ ನವ್ಯಾ ಒಳಗೆ ಬಂದಳು. ಕೆಳಗಿಟ್ಟ ರಿಸೀವರನ್ನು ಕಂಡು ಅವಳ ಮುಖದ ಬಣ್ಣ ಹೋಯಿತು.

“ಇಟ್ರಿಯಾ ಸರ್?”

“ಇಟ್ಟೆ. ಎಷ್ಟ್ ಚಂದ ಮಾತಾಡಿದ್ರ್ ಗೊತ್ತಿತ್ತಾ? ಅವ್ರ್ ಮನಿಕಂತೆ ಅಂದ್ರ್, ನಾ ಮಲಗಿ ಅಂದೆ. ದನಿ ಅಂದ್ರೆ ಅದ್. ನಾಳೆಯಿಂದ ನೀ ಬಪ್ಪುದ್ ಬೇಡ.”

ಅವಳು ಸ್ಪೀಕರ್ ಒತ್ತಿ ಮೊಬೈಲನ್ನು ಮೇಜಿನ ಮೇಲಿಟ್ಟಳು. ಅದರೊಳಗಿಂದ ತಗಡಿಗೆ ಸುತ್ತಿಗೆ ಬೀಳುವ ಸದ್ದು ಕೇಳಿಬಂತು. ಒಂದು, ಇನ್ನೊಂದು, ಮತ್ತೂ ಒಂದು. ಏನೋ ಸೀಳಿತು. ಯಾರೋ ಓಡಿದರು. ಆಮೇಲೆ ಏದುಸಿರು ಬಿಡುತ್ತ ಮಾತಾಡಿದವನು ರಿಪೇರಿಯ ಪಾಂಡು.

“ಕೋಲ್ಡ್ ರೂಮಿನ್ ಬಾಗ್ಲ್ ಒಡ್ದೆ ನವ್ಯಾ, ಗೋವರ್ಧನಣ್ಣ ಒಳ್ಗೇ ಇದ್ರ್, ಮೈಯೆಲ್ಲ ಮರಗಟ್ಟಿತ್ತ್, ಉಸ್ರ್ ಒಂದ್ ಇನ್ನೂ ಆಡ್ತಾ ಇತ್ತ್. ಈಗಷ್ಟೇ ಮನಿಕಂಡದ್ದ್ ಕಾಣತ್ತ್, ನೀ ಬೈಯುದ್ ಎಂತಕ್ ನಿಲ್ಸಿದೆ?”