ಅರವತ್ತೆರಡು ಜನ ನೆಟ್ಟ ಗಿಡ

ಅರವತ್ತೆರಡು ಫೋಟೊಗಳಲ್ಲೂ ಗಿಡದ ಹಿಂದೆ ಅದೇ ಬಿಳಿ ಗೇಟು. ಅಷ್ಟೇ ಆಗಿದ್ದರೆ ಅರ್ಪಿತ ಮೇಡಂ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಪರಿಸರ ವಿಜ್ಞಾನ ಹೇಳಿಕೊಡುವ ಅವರು, ‘ತಲೆಗೊಂದು ಗಿಡ ನೆಡಿ, ಫೋಟೊ ಕಳಿಸಿ, ಹತ್ತು ಅಂಕ ಪಡೆಯಿರಿ’ ಎಂಬ ಅಸೈನ್‌ಮೆಂಟಿನ ಮೇಲೆ ದೊಡ್ಡ ಭರವಸೆಯನ್ನೇನೂ ಇಟ್ಟಿರಲಿಲ್ಲ. ಆದರೆ ರೋಲ್ ನಂಬರಿನ ಪ್ರಕಾರ ಒಂದೊಂದೇ ಫೋಟೊ ಸರಿಸುತ್ತ ಹೋದರೆ, ಗಿಡ ಬೆಳೆಯುತ್ತಿತ್ತು! ಒಂದನೇ ನಂಬರಿನ ಹುಡುಗಿ ನೆಟ್ಟದ್ದು ಅವಳ ಮಂಡಿಯವರೆಗಿತ್ತು. ಕೊನೆಯ ನಂಬರಿನ ವಿಶ್ರುತ್ ‘ಈಗಷ್ಟೇ ನೆಟ್ಟ’ ಸಸಿ ಅವನ ಎದೆಮಟ್ಟಕ್ಕೆ ಬಂದಿತ್ತು.

ಕ್ಲಾಸ್ ರೆಪ್ ಕೂಡ ಅವನೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ, ಮೇಡಂ ಕರೆದ ಕೂಡಲೇ ಹುಡುಗ ಬೆವರಿದ.

“ಎಲ್ಲಪ್ಪಾ ಇದು?”

“ಜೆ.ಪಿ. ನಗರ ಮೇಡಂ. ಎರಡನೇ ಫೇಸು.”

“ನಡಿ, ತೋರ್ಸು.”

“ಮೇಡಂ, ಪ್ಲೀಸ್. ಈ ಹತ್ತು ಮಾರ್ಕ್ಸ್ ಹೋದ್ರೆ ಯಾರನ್ನೂ ಎಕ್ಸಾಮ್‌ಗೆ ಕೂರ್ಸಲ್ಲ. ಐಡಿಯಾ ನಂದೇ ಅಂತ ಕ್ಲಾಸಿಗೆಲ್ಲ ಗೊತ್ತು. ಅರವತ್ತೊಂದು ಜನ ಸೇರಿ ನನ್ನ ಸಾಯಿಸ್ಬಿಡ್ತಾರೆ.”

“ಅವ್ರು ಬಿಟ್ರೂ ನಾನ್ ಬಿಡಲ್ಲ. ಹತ್ತು ಗಾಡಿ.”

ಮೇಡಂ ಸ್ಕೂಟರಿನ ಹಿಂದೆ ಕೂತು ಹೋಗುವಾಗ, ಸಿಗ್ನಲ್ಲಿನಲ್ಲಿ ಗೆಳೆಯರು ಯಾರಾದರೂ ನೋಡಿಬಿಟ್ಟಾರು ಎಂದು ವಿಶ್ರುತ್ ಮುಖಕ್ಕೆ ಬ್ಯಾಗು ಅಡ್ಡ ಹಿಡಿದಿದ್ದ. ಬಿಳಿ ಗೇಟಿನ ಒಳಗೆ, ಮೆಟ್ಟಿಲ ಮೇಲೆ ಕೂತು ವಿಮಲಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಹುಡುಗನನ್ನು ನೋಡಿ ಕನ್ನಡಕ ಮೇಲೆ ಮಾಡಿದರು.

“ಏನೋ, ಮತ್ತೆ ಬಂದೆ? ನಿಂದೇ ಕೊನೇದು ಅಂದಿದ್ಯಲ್ಲ? ಇವ್ರು ಯಾವ ರೋಲ್ ನಂಬರು?”

ವಿಶ್ರುತ್ ಕಣ್ಣು ಮುಚ್ಚಿಕೊಂಡ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

“ನಾನು ಇವ್ರ ಲೆಕ್ಚರರ್, ಅಮ್ಮ,” ಎಂದರು ಅರ್ಪಿತ.

“ಹೌದಾ? ಬನ್ನಿ, ಕೂತ್ಕೊಳಿ. ನಿಮ್ಮ ಹುಡುಗರು ಒಂದು ಗಿಡ ತಂದು ನಮ್ಮನೆ ಮುಂದೆ ಗುಂಡಿ ತೋಡಿದ್ರು. ಸಾಲಾಗಿ ನಿಂತು ಎಲ್ಲರೂ ಫೋಟೊ ತೆಗೆಸ್ಕೊಂಡು, ಆಮೇಲೆ ಅದನ್ನ ಕಿತ್ಕೊಂಡು ಹೋಗಿ ನರ್ಸರಿಗೆ ವಾಪಸ್ ಕೊಡೋದಂತೆ! ಇವ್ರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ನೆಟ್ಟ ಗಿಡ ಕೀಳೋ ಹಾಗಿಲ್ಲ, ದಿನಕ್ಕೆ ಒಬ್ಬರಿಗೇ ಫೋಟೊ, ಅದೂ ಒಂದು ಬಕೆಟ್ ನೀರು ಹಾಕಿದ್ಮೇಲೆ ಅಂದೆ. ಕೊರಳಲ್ಲಿ ಕಾಲೇಜ್ ಕಾರ್ಡ್ ನೇತಾಡ್ತಿತ್ತಲ್ಲ, ಫೋನ್ ಮಾಡ್ಲಾ ಅಂದೆ. ಬಾಯಿ ಮುಚ್ಕೊಂಡು ಒಪ್ಕೊಂಡ್ರು.”

ಮೇಡಂ ಗಿಡದ ಕಡೆ ತಿರುಗಿದರು. ಗಸಗಸೆ ಹಣ್ಣಿನ ಗಿಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೀದಿಯ ಅರ್ಧ ಮನೆಗಳಿಗೆ ಟ್ಯಾಂಕರ್ ಬರುತ್ತಿದ್ದ ಬೇಸಿಗೆಯಲ್ಲಿ, ಅದಕ್ಕೆ ಮಾತ್ರ ವಿಮಲಮ್ಮ ಎತ್ತಿಟ್ಟ ತರಕಾರಿ ತೊಳೆದ ನೀರು ಒಂದು ದಿನವೂ ತಪ್ಪಿರಲಿಲ್ಲ. ಅಳಿಲೊಂದು ಅದರ ಬುಡದಲ್ಲಿ ಏನನ್ನೋ ಹುಡುಕುತ್ತಿತ್ತು.

“ಆದ್ರೂ ಇದು ಮೋಸ ಅಲ್ವಾಮ್ಮ? ಅರವತ್ತೆರಡು ಗಿಡ ಅಂತ ಬರ್ಕೊಟ್ಟಿದಾರೆ.”

“ಮೋಸವೇ. ಯಾರು ಇಲ್ಲ ಅಂದ್ರು? ಕಿವಿ ಹಿಂಡಿ. ಹೋದ ವರ್ಷದ ಮಕ್ಕಳು ಸಾಚಾನೋ?”

“ಅವ್ರು ನಿಜವಾಗಿ ನೆಟ್ರು. ನಾನೇ ಕರ್ಕೊಂಡು ಹೋಗಿದ್ದೆ. ಉತ್ತರಹಳ್ಳಿ ರೋಡ್ ಪಕ್ಕ, ಇನ್ನೂರು ಸಸಿ. ಪ್ರಿನ್ಸಿಪಾಲರೂ ಬಂದಿದ್ರು.”

“ಒಳ್ಳೇದಾಯ್ತು. ಈಗ ಎಷ್ಟಿವೆ?”

ಅರ್ಪಿತ ಸುಬ್ರಹ್ಮಣ್ಯಪುರದವರು. ಆ ರಸ್ತೆಯಲ್ಲಿ ದಿನಕ್ಕೆರಡು ಸಲ ಓಡಾಡುತ್ತಿದ್ದರು. ಅಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟೇ ಸ್ಪಷ್ಟ. ಸುಳ್ಳು ಹೇಳಬಹುದಿತ್ತು. ಪಕ್ಕದಲ್ಲಿ ವಿದ್ಯಾರ್ಥಿ ನಿಂತಿದ್ದ.

“ಬ್ಯಾನರ್ ಇದೆ,” ಎಂದರು.

ವಿಶ್ರುತ್‌ಗೆ ನಗು ಉಕ್ಕಿಬಂತು. ಮೇಡಂ ತಿರುಗಿ ನೋಡಿದ ನೋಟಕ್ಕೆ ಅದು ಕೆಮ್ಮಾಗಿ ಹೊರಬಿತ್ತು. ನಿಜ ಹೇಳಬೇಕೆಂದರೆ ಅರ್ಪಿತರಿಗೆ ನಾಚಿಕೆಯಾಗಿತ್ತು. ವಿಮಲಮ್ಮ ಪಾಪ, ಅದನ್ನು ಕಂಡೂ ಕಾಣದವರಂತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಕಾಫಿ ಬೆರೆಸಲು ಒಳಗೆ ಹೋದರು.

ಮೇಡಂ ಬ್ಯಾಗಿನಿಂದ ವರದಿಯ ಫಾರಂ ತೆಗೆದರು. ‘ನೆಟ್ಟ ಗಿಡಗಳು’ ಎಂಬಲ್ಲಿದ್ದ ಅರವತ್ತೆರಡನ್ನು ಹೊಡೆದುಹಾಕಿ ಒಂದು ಎಂದು ಬರೆದರು. ಅದರ ಪಕ್ಕ ‘ಬದುಕಿರುವ ಗಿಡಗಳು’ ಎಂಬ ಕಾಲಂ ಇತ್ತು. ಅವರ ಆರು ವರ್ಷದ ಸರ್ವೀಸಿನಲ್ಲಿ ಯಾರೂ ಅದನ್ನು ತುಂಬಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅಲ್ಲಿಯೂ ಒಂದು ಎಂದು ಬರೆದರು.

“ಮೇಡಂ... ಮಾರ್ಕ್ಸು?” ವಿಶ್ರುತ್ ಮೆಲ್ಲಗೆ ಕೇಳಿದ.

“ಈ ಒಂದು ಗಿಡಕ್ಕೆ ಒಬ್ಬರಿಗೆ ಕೊಡ್ತೀನಿ. ಮಿಕ್ಕ ಅರವತ್ತೊಂದು ಜನಕ್ಕೆ ಸೋಮವಾರದವರೆಗೆ ಟೈಮು.”

“ಸೋಮವಾರಾನಾ? ಅಷ್ಟೊಂದು ಸಸಿ ಎಲ್ಲಿಂದ ತರೋದು ಮೇಡಂ?”

“ಸಸಿ ಕಾಲೇಜ್ ಹಿಂದೆ ರಾಶಿ ಬಿದ್ದಿದೆ, ಎಷ್ಟು ಬೇಕಾದ್ರೂ ತಗೊಳಿ,” ಎಂದರು ಅರ್ಪಿತ. “ನೀವು ಅರವತ್ತೊಂದು ಅಜ್ಜಿಯರನ್ನ ಹುಡುಕಿ.”