ಹಿಡಿತ

ಭಾರ ಎತ್ತುವ ಕಬ್ಬಿಣದ ಬಾರ್ ಆ ಹುಡುಗನ ಎದೆಯ ಮೇಲೆ ಕೂತುಬಿಟ್ಟಿತ್ತು. ಎತ್ತಲಾರ, ಇಳಿಸಲಾರ, ಕೂಗೋಣವೆಂದರೆ ಉಸಿರಿಲ್ಲ. ಶೆಡ್ಡು ತೆರೆದಿಟ್ಟು ನೀರು ತರಲು ಹೋಗಿದ್ದ ದೇವೇಂದ್ರ ಬಾಗಿಲಿನಿಂದಲೇ ಓಡಿ ಬಂದು, ಅದನ್ನು ಎಳೆದು ಸ್ಟ್ಯಾಂಡಿಗೆ ಹಾಕಿದ.

"ಸಾಯಾಕೆ ಬಂದಿದ್ದೀಯೇನೋ? ಹೊಸಬ್ರು ಒಬ್ಬೊಬ್ರೇ ಎತ್ತಾಕೆ ಹೋಗ್ಬಾರ್ದು ಅಂತ ಗೊತ್ತಿಲ್ವಾ?"

ಹುಡುಗ ಎದ್ದು ಕೂತು ಕೆಮ್ಮಿದ. ಆಮೇಲೆ ದೇವೇಂದ್ರನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹಂಗಾರೆ ನೀನೇ ಹೇಳ್ಕೊಡಣ್ಣ."

ಸಕಲೇಶಪುರದ ಆ ಕಾಲೇಜಿನ ಹಿಂಭಾಗದ ಶೆಡ್ಡಿನಲ್ಲಿ ಇದ್ದದ್ದು ಒಂದು ಬಾರ್, ತುಕ್ಕು ಹಿಡಿದ ಪ್ಲೇಟುಗಳು, ಒಂದು ಬೆಂಚು. ೧೯೯೮ರಲ್ಲಿ ಅದೇ ಜಿಮ್. ಕೊನೆಯ ವರ್ಷದ ಬಿ.ಎ.ಯಲ್ಲಿದ್ದ ದೇವೇಂದ್ರನಷ್ಟು ಭಾರ ಎತ್ತುವವರು ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ. ಹೊಸಬರಿಗೆ ಕಲಿಸುವ ಕೆಲಸವನ್ನು ಪಿ.ಟಿ. ಮೇಷ್ಟ್ರು ವೀರಭದ್ರಯ್ಯ ಅವನಿಗೇ ಒಪ್ಪಿಸಿದ್ದರು.

ಹುಡುಗನ ಹೆಸರು ಕುಮಾರ. ಮೊದಲ ವರ್ಷ. ಬಾಳ್ಳುಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಎದೆಗೂಡು ಅಂಗಿಯ ಮೇಲಿಂದಲೇ ಕಾಣುವಷ್ಟು ಸಣಕಲು.

ದೇವೇಂದ್ರ ಅವನಿಗೆ ಮೊದಲು ಬಾರ್ ಮುಟ್ಟಲು ಬಿಡಲಿಲ್ಲ. ಬಸ್ಕಿ, ದಂಡ, ಗುಡ್ಡದ ರಸ್ತೆಯಲ್ಲಿ ಓಟ. ಆಮೇಲೆ ಖಾಲಿ ಬಾರ್. ಎತ್ತುವಾಗ ಬೆನ್ನು ಬಾಗಬಾರದು, ಉಸಿರು ಬಿಗಿ ಹಿಡಿದು ನಿಲ್ಲಬಾರದು. ಕುಮಾರ ವಾಂತಿ ಮಾಡಿಕೊಂಡ, ಬಿದ್ದ, ಮತ್ತೆ ಎದ್ದ. ಶನಿವಾರವೊಂದನ್ನು ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ.

"ನಿನ್ ಮೂಳೆ ದಪ್ಪ ಐತೆ ಕಣೋ," ಎಂದ ದೇವೇಂದ್ರ, ಅವನ ಮುಂಗೈ ಹಿಡಿದು ನೋಡಿ. "ನಾನೂ ಹಿಂಗೇ ಇದ್ದೆ. ತುಂಬ್ಕೊಳ್ತೀಯ ಬಿಡು."

ಕುಮಾರ ಕೈ ಹಿಂದಕ್ಕೆ ಎಳೆದುಕೊಂಡ.

ಒಂದು ಸೋಮವಾರ ಅವನ ಕೆನ್ನೆ ಊದಿತ್ತು. ಬಸ್ಸಿನಲ್ಲಿ ತಾಗಿತು ಎಂದ. ಮುಂದಿನ ಸೋಮವಾರ ಕಿವಿಯ ಹಿಂದೆ ಹೆಪ್ಪುಗಟ್ಟಿದ ರಕ್ತ. ದೇವೇಂದ್ರ ಶೆಡ್ಡಿನ ಬಾಗಿಲು ಹಾಕಿ ಎದುರು ಕೂತ.

"ಯಾರೋ ಹೊಡೆದಿದ್ದು?"

"ಅಪ್ಪ. ನಂಗೆ ಹೊಡೆದ್ರೆ ಹೋಗ್ಲಿ ಅಣ್ಣ. ಅವ್ವನ್ನ ಹೊಡೀತಾನೆ. ವಾರಕ್ಕೊಂದ್ ಸತಿ ಬರ್ತಾನೆ, ಬಂದಾಗೆಲ್ಲ ಹೊಡೀತಾನೆ."

ಲಾರಿ ಡ್ರೈವರ್ ಇರಬೇಕು ಅಂದುಕೊಂಡ ದೇವೇಂದ್ರ. ಹೆದ್ದಾರಿಯ ಊರು.

"ಅದಕ್ಕೇನಾ ಇಷ್ಟು ಹಟ?"

"ಯಾವಾಗ್ಲೂ ಇನ್ನೊಬ್ಬ ಹುಡುಗನ್ನ ಹೇಳಿ ಹಂಗಿಸ್ತಾನೆ. ಅವನ ತೋಳು ನೋಡು, ನೀನೊಂದು ಕಡ್ಡಿ ಅಂತಾನೆ."

"ಯಾರವನು?"

"ಅವ್ನೆ ಒಬ್ಬ." ಕುಮಾರ ನೆಲ ನೋಡಿದ. "ಅವನ ಮೇಲೆ ಬಾಳ ಸಿಟ್ಟಿತ್ತು. ಈಗಿಲ್ಲ."

ಆ ದಿನ ದೇವೇಂದ್ರನಿಗೆ ಹಾಸ್ಟೆಲಿನ ಊಟ ಸೇರಲಿಲ್ಲ. ಅವನ ಮನೆ ಹೊಂಗಡಹಳ್ಳದಲ್ಲಿ. ಸಣ್ಣ ಕಾಫಿ ತೋಟ. ಅಪ್ಪ ಕೃಷ್ಣಪ್ಪ ಪೇಟೆಗೆ ಬಂದಾಗಲೆಲ್ಲ ಹಾಸ್ಟೆಲಿಗೆ ಬಂದು ನಾಟಿ ಮೊಟ್ಟೆ, ತುಪ್ಪ ಕೊಟ್ಟು, ಎಲ್ಲರೆದುರು ಮಗನ ತೋಳು ಅಮುಕಿ ನೋಡಿ ನಗುತ್ತಿದ್ದ. ಒಂದು ದಿನವೂ ಮಗನ ಮೇಲೆ ಕೈ ಎತ್ತಿದವನಲ್ಲ. ಅಂಥ ಅಪ್ಪನೂ ಇದ್ದಾನೆ, ಇಂಥವನೂ ಇದ್ದಾನೆ ಎನಿಸಿ ದೇವೇಂದ್ರನಿಗೆ ಸಂಕಟವಾಯಿತು. ಮೊಟ್ಟೆಗಳನ್ನು ಬೇಯಿಸಿ ಕುಮಾರನಿಗೆ ಒಯ್ದುಕೊಟ್ಟ. ಅವನು ಮುಟ್ಟಲಿಲ್ಲ.

ಅಂದಿನಿಂದ ಪಾಠ ಬದಲಾಯಿತು. ಮರಳು ತುಂಬಿದ ಎರಡು ಸೀಮೆಎಣ್ಣೆ ಡಬ್ಬಗಳನ್ನು ಎರಡು ಕೈಯಲ್ಲಿ ಹಿಡಿದು ಕುಮಾರ ದಿಬ್ಬ ಹತ್ತಬೇಕು. ಬಾಗಿಲ ಮೇಲಿನ ತೊಲೆ ಹಿಡಿದು ನೇತಾಡಬೇಕು. ಬೆರಳು ಬಿಟ್ಟರೆ ಮತ್ತೆ ಮೊದಲಿಂದ.

"ನೋಡು, ವಾಪಸ್ ಹೊಡೀಬ್ಯಾಡ. ಏನೇ ಆಗ್ಲಿ ನಿಮ್ಮಪ್ಪ. ಒಂದೇಟು ಎಲ್ಲೋ ಬಿದ್ದು ಸತ್ತ್ ಹೋದ್ರೆ ನಿನ್ ಜೀವನ ಮುಗೀತು. ಎತ್ತಿದ ಕೈ ಹಿಡ್ಕೊ ಅಷ್ಟೆ. ಬಿಡ್ಬ್ಯಾಡ. ಅವನಿಗೇ ನಾಚಿಕೆ ಆಗ್ಬೇಕು."

"ಆಗ್ತದಾ ಅಣ್ಣ?"

"ಆಗ್ಲೇಬೇಕು."

ಹೇಳಿದ್ದೇನೋ ಹೇಳಿದ. ಆದರೆ ತಾನು ಆ ಹುಡುಗನನ್ನು ಯಾವುದಕ್ಕೆ ತಯಾರು ಮಾಡುತ್ತಿದ್ದೇನೆ ಎಂಬ ಭಯ ದೇವೇಂದ್ರನನ್ನು ಬಿಡಲಿಲ್ಲ. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಕುಮಾರನ ಅಂಗಿ ಹೆಗಲಲ್ಲಿ ಬಿಗಿಯಾಗಿತ್ತು. ಒಂದು ಶುಕ್ರವಾರ ಅವನು ಡಬ್ಬಗಳನ್ನು ಕೆಳಗಿಟ್ಟು ಹೇಳಿದ:

"ನಾಳೆ ಹಿಡ್ಕೊತೀನಿ."

"ನಾನೂ ಬರ್ತೀನಿ. ಹೊರಗೇ ನಿಂತಿರ್ತೀನಿ."

ಕುಮಾರನ ಮುಖ ಬಿಳಿಚಿಕೊಂಡಿತು. "ಬ್ಯಾಡ. ನಿನ್ ಕಾಲಿಗ್ ಬೀಳ್ತೀನಿ. ಬೇರೆ ಯಾರಾರ ಬರ್ಲಿ, ನೀನು ಮಾತ್ರ ಬರ್ಬ್ಯಾಡ."

ಮನೆಯ ಮರ್ಯಾದೆಗೆ ಅಂಜುತ್ತಿದ್ದಾನೆ ಅಂದುಕೊಂಡು ದೇವೇಂದ್ರ ಆಗಲಿ ಎಂದ.

ಆದರೆ ಶನಿವಾರ ಸಂಜೆ ಮನಸ್ಸು ತಡೆಯಲಿಲ್ಲ. ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಅಂಗಡಿಯವನನ್ನು ವಿಚಾರಿಸಿದ. ಗಾರೆ ಗೋಡೆಯ ಪುಟ್ಟ ಮನೆ. ಹತ್ತಿರ ಬರುವಾಗಲೇ ಪಾತ್ರೆ ಉರುಳಿದ ಸದ್ದು, ಹೆಂಗಸಿನ ಚೀರಾಟ ಕೇಳಿತು. ದೇವೇಂದ್ರ ಬಾಗಿಲು ತಳ್ಳಿದ.

ಮೂಲೆಯಲ್ಲಿ ಕುಮಾರನ ತಾಯಿ ಗಂಗಾಮಣಿ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಿದ್ದಳು. ನಡುಮನೆಯ ಮಬ್ಬು ಬೆಳಕಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ ನಿಂತ ದಪ್ಪ ಗಂಡಸಿನ ಮೇಲೆತ್ತಿದ ಮುಂಗೈಯನ್ನು ಕುಮಾರ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆ ಗಂಡಸು ಎಳೆದ, ಜಗ್ಗಿದ. ಹಿಡಿತ ಸಡಿಲಾಗಲಿಲ್ಲ. ದೇವೇಂದ್ರನ ಎದೆ ಹೆಮ್ಮೆಯಿಂದ ಉಬ್ಬಿತು.

ಆಗ ಕುಮಾರ ಅವನನ್ನು ಕಂಡ. ಕಂಡವನ ಬೆರಳುಗಳು ತಾವಾಗಿಯೇ ಬಿಟ್ಟುಕೊಂಡವು. ಗಂಡಸು ಹಿಂದಕ್ಕೆ ತಿರುಗಿದ.

"ದೇವೂ," ಎಂದ ಕೃಷ್ಣಪ್ಪ, ಎತ್ತಿದ ಕೈ ಇಳಿಸುವುದನ್ನೂ ಮರೆತು, "ನೀನು ಹಾಸ್ಟೆಲ್‌ನಾಗೆ ಇರ್ಲಿಲ್ವಾ ಮಗಾ?"